ಇಂಜಿನ್ನಿನ ಹೆಡ್ ಹೆರೆಸಿದರೆ ಶಕ್ತಿ ಹೆಚ್ಚುವುದೇ?



ಬೆಳೆ ಹೂ ಕಟ್ಟುವ ಹೊತ್ತಿನಲ್ಲಿ ಬಾವಿಯ ಮೇಲಿನ ಇಂಜಿನ್ ಸೊರಗಿತೆಂದರೆ ಆ ಹಂಗಾಮಿನ ದುಡಿಮೆಯೆಲ್ಲ ತೂಗುಯ್ಯಾಲೆಯಲ್ಲಿ ಬಿದ್ದಂತೆ. ವಿದ್ಯುತ್ ಪಂಪ್‌ಸೆಟ್ಟುಗಳು ಹರಡಿದ್ದರೂ ಹಳ್ಳ, ಹೊಳೆ, ತೆರೆದ ಬಾವಿ, ಕೃಷಿ ಹೊಂಡಗಳಿಂದ ನೀರೆತ್ತಲು ಇಂದಿಗೂ ಅನೇಕರು ಡೀಸೆಲ್ ಇಲ್ಲವೆ ಪೆಟ್ರೋಲ್-ಸೀಮೆಎಣ್ಣೆ ಇಂಜಿನ್ನುಗಳನ್ನೇ ನೆಚ್ಚಿಕೊಂಡಿದ್ದಾರೆ. ಇಂಜಿನ್ ಕುಂದಿದಾಗ ಕೇಳಿಬರುವ ಸಲಹೆಗಳಲ್ಲಿ ಒಂದು ಇದು: "ಹೆಡ್ ಬಿಚ್ಚಿ ವರ್ಕ್‌ಶಾಪಿಗೆ ಕೊಡಿ. ಒಂದು ಮಿಲಿಮೀಟರ್ ಫೇಸಿಂಗ್ ಮಾಡಿಸಿ. ಕಂಪ್ರೆಷನ್ ಏರುತ್ತದೆ, ನೀರು ಹೆಚ್ಚು ಬರುತ್ತದೆ, ಎಣ್ಣೆ ಕಡಮೆ ಸಾಕಾಗುತ್ತದೆ."

ಈ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಅದು ಎಲ್ಲ ಇಂಜಿನ್ನುಗಳಿಗೂ ಅನ್ವಯಿಸುವುದಿಲ್ಲ. ಹೆರೆದು ತೆಗೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲವಾದ ಕಾರಣ, ಹೆಡ್ಡನ್ನು ಯಂತ್ರದ ಮೇಲೆ ಏರಿಸುವ ಮೊದಲೇ ಅದರ ಲೆಕ್ಕವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಆ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

ಸಂಪೀಡನ ಪ್ರಮಾಣವೆಂದರೇನು?

ಪಿಸ್ಟನ್ ಸಿಲಿಂಡರಿನ ತಳಕ್ಕೆ ಇಳಿದಾಗ ಅದರ ಮೇಲೆ ಇರುವ ಒಟ್ಟು ಜಾಗವನ್ನು, ಪಿಸ್ಟನ್ ತುತ್ತತುದಿಗೆ ಏರಿದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸಂಪೀಡನ ಪ್ರಮಾಣ. ಮೆಕ್ಯಾನಿಕ್‌ಗಳು ಕಂಪ್ರೆಷನ್ ರೇಶಿಯೋ ಎನ್ನುವುದು ಇದನ್ನೇ. ಪಿಸ್ಟನ್ ಏರಿದಾಗ ಉಳಿಯುವ ಈ ಸಣ್ಣ ಜಾಗವನ್ನು ದಹನ ಕೋಣೆ ಎನ್ನೋಣ. ಒಳಗೆ ಎಳೆದುಕೊಂಡ ಗಾಳಿ ಈ ಕೋಣೆಯಲ್ಲಿ ಎಷ್ಟು ಪಟ್ಟು ಇಕ್ಕಟ್ಟಾಗುತ್ತದೆ ಎಂಬುದನ್ನು ಸಂಪೀಡನ ಪ್ರಮಾಣ ತಿಳಿಸುತ್ತದೆ.

ಒಂದು ಉದಾಹರಣೆ ನೋಡಿ. ನಮ್ಮ ರೈತರಿಗೆ ಪರಿಚಿತವಾದ 5 ಅಶ್ವಶಕ್ತಿಯ ಕಿರ್ಲೋಸ್ಕರ್ ಎವಿ-1 ಡೀಸೆಲ್ ಇಂಜಿನ್ನಿನ ಸಿಲಿಂಡರಿನ ಬೋರ್ 80 ಮಿ.ಮೀ., ಪಿಸ್ಟನ್ನಿನ ಓಟ 110 ಮಿ.ಮೀ. ಪಿಸ್ಟನ್ ಒಂದು ಓಟದಲ್ಲಿ ಗುಡಿಸುವ ಜಾಗ ಸುಮಾರು 553 ಘನ ಸೆಂ.ಮೀ. ಇದರ ಸಂಪೀಡನ ಪ್ರಮಾಣ 16.5. ಅಂದಮೇಲೆ ದಹನ ಕೋಣೆಯ ಜಾಗ 553ನ್ನು 15.5ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 35.7 ಘನ ಸೆಂ.ಮೀ. ಒಂದು ಸಣ್ಣ ಕಾಫಿ ಲೋಟದ ಅರ್ಧಕ್ಕಿಂತ ಹೆಚ್ಚಿಲ್ಲ. ಇಷ್ಟು ಕಿರಿದಾದ ಜಾಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಪರಿಣಾಮ ದೊಡ್ಡದು.

ಪ್ರಮಾಣ ಏರಿದರೆ ಲಾಭವೆಷ್ಟು?

ಹೆಚ್ಚು ಇಕ್ಕಟ್ಟಾದ ಗಾಳಿಯಲ್ಲಿ ಉರಿದ ಇಂಧನ ಹೆಚ್ಚು ದೂರ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಆದ್ದರಿಂದ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಕಿಡಿಯಿಂದ ಹೊತ್ತಿಕೊಳ್ಳುವ ಇಂಜಿನ್ನಿನಲ್ಲಿ, ಪುಸ್ತಕದ ಆದರ್ಶ ಲೆಕ್ಕದಂತೆ ಇಂಧನದ ಶಾಖದಲ್ಲಿ ಕೆಲಸವಾಗಿ ಮಾರ್ಪಡುವ ಪಾಲು ಹೀಗಿದೆ:

ಸಂಪೀಡನ ಪ್ರಮಾಣ 5 ಇದ್ದಾಗ – ಶೇಕಡಾ 47.5
ಸಂಪೀಡನ ಪ್ರಮಾಣ 6 ಇದ್ದಾಗ – ಶೇಕಡಾ 51.2
ಸಂಪೀಡನ ಪ್ರಮಾಣ 8 ಇದ್ದಾಗ – ಶೇಕಡಾ 56.5
ಸಂಪೀಡನ ಪ್ರಮಾಣ 16.5 ಇದ್ದಾಗ – ಶೇಕಡಾ 67.4
ಸಂಪೀಡನ ಪ್ರಮಾಣ 18 ಇದ್ದಾಗ – ಶೇಕಡಾ 68.5

ನಿಜವಾದ ಇಂಜಿನ್ನಿನಲ್ಲಿ ದೊರೆಯುವುದು ಇದರ ಅರ್ಧದ ಆಸುಪಾಸು, ಇಲ್ಲವೆ ಇನ್ನೂ ಕಡಮೆ. ಡೀಸೆಲ್ ಇಂಜಿನ್ನಿನ ಲೆಕ್ಕದ ಸೂತ್ರವೂ ಸ್ವಲ್ಪ ಬೇರೆ. ಆದರೂ ಪಟ್ಟಿ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಕೆಳಗಿನ ಮೆಟ್ಟಿಲುಗಳಲ್ಲಿ ಲಾಭ ಹೆಚ್ಚು, ಮೇಲೇರಿದಂತೆ ಕಡಮೆ. 5ರಿಂದ 6ಕ್ಕೆ ಏರಿಸಿದರೆ ನೂರಕ್ಕೆ ಎಂಟು ಪಾಲಿನಷ್ಟು ಹೆಚ್ಚಳವಿದೆ. 16.5ರಿಂದ 18ಕ್ಕೆ ಏರಿಸಿದರೆ ನೂರಕ್ಕೆ ಎರಡು ಪಾಲೂ ಇಲ್ಲ.

ನೀರು ಹೆಚ್ಚು ಬರುವುದೇ?

ಇಲ್ಲಿ ಅನೇಕರು ಗಮನಿಸದ ಒಂದು ಸಂಗತಿ ಇದೆ. ಸೆಂಟ್ರಿಫ್ಯೂಗಲ್ ಪಂಪು ಎಷ್ಟು ನೀರನ್ನು ಎತ್ತುತ್ತದೆ ಎಂಬುದು ಅದು ತಿರುಗುವ ವೇಗವನ್ನೂ, ನೀರು ಎತ್ತಬೇಕಾದ ಎತ್ತರವನ್ನೂ, ಕೊಳವೆಗಳನ್ನೂ ಅವಲಂಬಿಸಿದೆ. ನಿಮ್ಮ ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಬೇಕೆಂದಿದ್ದು, ಪಂಪಿನ ಹೊರೆ ಬಿದ್ದಾಗಲೂ ಅಷ್ಟೇ ತಿರುಗುತ್ತಿದ್ದರೆ, ಹೆಡ್ ಹೆರೆಸಿದ ಮೇಲೂ ಗವರ್ನರ್ ಅದನ್ನು 1500ರಲ್ಲಿಯೇ ಹಿಡಿದಿಡುತ್ತದೆ. ನೀರು ಒಂದು ಕೊಡದಷ್ಟೂ ಹೆಚ್ಚುವುದಿಲ್ಲ. ಹೊರೆ ಬಿದ್ದೊಡನೆ ಇಂಜಿನ್ನಿನ ವೇಗ ಕುಸಿಯುತ್ತಿದ್ದರೆ ಮಾತ್ರ ಶಕ್ತಿ ಸಾಲದೆಂದು ತಿಳಿಯಬೇಕು.

ಗವರ್ನರಿನ ಸ್ಪ್ರಿಂಗ್ ಬಿಗಿ ಮಾಡಿ ವೇಗ ಏರಿಸುವುದೂ ಸರಿಯಲ್ಲ. ಪಂಪಿನ ವೇಗ ನೂರಕ್ಕೆ ಹತ್ತು ಹೆಚ್ಚಾದರೆ ಅದಕ್ಕೆ ಬೇಕಾಗುವ ಶಕ್ತಿ ನೂರಕ್ಕೆ ಮೂವತ್ತಮೂರರಷ್ಟು ಹೆಚ್ಚಾಗುತ್ತದೆ. ಇಂಜಿನ್ ಈ ಹೊರೆಯನ್ನು ಬಹುಕಾಲ ತಾಳಲಾರದು.

ಪೆಟ್ರೋಲ್-ಸೀಮೆಎಣ್ಣೆ ಇಂಜಿನ್ನು

ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಸಣ್ಣ ಇಂಜಿನ್ನುಗಳಲ್ಲಿ ದಹನ ಕೋಣೆಯನ್ನು ಸಾಮಾನ್ಯವಾಗಿ ಹೆಡ್ಡಿನಲ್ಲೇ ಗುಳಿಯಾಗಿ ಕೊರೆದಿರುತ್ತಾರೆ. ಇಂಥ ಹೆಡ್ಡಿನ ಮುಖ ಹೆರೆದರೆ ಗುಳಿಯ ಆಳ ಕಡಮೆಯಾಗಿ ಸಂಪೀಡನ ಪ್ರಮಾಣ ನಿಜವಾಗಿಯೂ ಏರುತ್ತದೆ. ಎಷ್ಟು ಏರುತ್ತದೆ?

ಲೆಕ್ಕಕ್ಕಾಗಿ 70 ಮಿ.ಮೀ. ಬೋರ್, 60 ಮಿ.ಮೀ. ಓಟ, 5ರ ಸಂಪೀಡನ ಪ್ರಮಾಣ ಇರುವ ಒಂದು ಇಂಜಿನ್ ಎಂದು ಹಿಡಿಯಿರಿ. ಪಿಸ್ಟನ್ ಗುಡಿಸುವ ಜಾಗ 231 ಘನ ಸೆಂ.ಮೀ., ದಹನ ಕೋಣೆ 57.7 ಘನ ಸೆಂ.ಮೀ. ಗುಳಿಯ ಬಾಯಿ ಬೋರಿನಷ್ಟೇ ಅಗಲವಾಗಿದ್ದರೆ, ಒಂದು ಮಿ.ಮೀ. ಹೆರೆದಾಗ ಕೋಣೆಯಿಂದ 3.85 ಘನ ಸೆಂ.ಮೀ. ಕಳೆಯುತ್ತದೆ. ಹೊಸ ಪ್ರಮಾಣ 5.29. ಆದರ್ಶ ಲೆಕ್ಕದಲ್ಲಿಯೂ ಲಾಭ ನೂರಕ್ಕೆ ಎರಡೂವರೆ ಪಾಲು ಮುಟ್ಟುವುದಿಲ್ಲ. ಪ್ರಮಾಣವನ್ನು 6ಕ್ಕೆ ಏರಿಸಬೇಕಾದರೆ 3 ಮಿ.ಮೀ. ಹೆರೆಯಬೇಕು. ಅಷ್ಟು ಲೋಹವನ್ನು ಕಳೆದುಕೊಂಡ ಹೆಡ್ ಶಾಖಕ್ಕೆ ಬಾಗುವ, ಬೋಲ್ಟ್ ಬಿಗಿದಾಗ ಬಿರಿಯುವ ಸಂಭವ ಹೆಚ್ಚು.

ಇದಕ್ಕಿಂತ ದೊಡ್ಡ ತೊಡಕು ಇಂಧನದ್ದು. ಇಕ್ಕಟ್ಟಿನಲ್ಲಿ ತಾನಾಗಿ ಸಿಡಿಯದೆ ಕಿಡಿಗಾಗಿ ಕಾಯುವ ಗುಣವನ್ನು ಆಕ್ಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ಇಂದು ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಸಂಖ್ಯೆ 91 ಇಲ್ಲವೆ ಅದಕ್ಕೂ ಹೆಚ್ಚು. ಸೀಮೆಎಣ್ಣೆಗೆ ಅದರ ಅರ್ಧವೂ ಇಲ್ಲ. ತಯಾರಕರು ಸೀಮೆಎಣ್ಣೆ ಇಂಜಿನ್ನಿನ ಪ್ರಮಾಣವನ್ನು ಕೆಳಗೆ ಇಟ್ಟಿರುವುದು ಈ ಕಾರಣದಿಂದಲೇ. ಇಂಥ ಇಂಜಿನ್ನಿನ ಹೆಡ್ ಹೆರೆಸಿ ಮತ್ತೆ ಸೀಮೆಎಣ್ಣೆಯಲ್ಲಿಯೇ ಓಡಿಸಿದರೆ ಹೊರೆ ಬಿದ್ದಾಗ ಟಣ ಟಣ ಎಂಬ ಬಡಿತ ಕೇಳಿಸುತ್ತದೆ. ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಒಮ್ಮೆಗೇ ಸಿಡಿಯುವ ಸದ್ದು ಅದು. ಈ ಬಡಿತ ಮುಂದುವರಿದರೆ ರಿಂಗುಗಳು ಮುರಿಯುತ್ತವೆ, ಪಿಸ್ಟನ್ನಿನ ತಲೆ ಸುಟ್ಟು ತೂತಾಗುತ್ತದೆ.

ಈ ಸಂಗತಿ ಹೊಸತಲ್ಲ. ಅಮೆರಿಕದಲ್ಲಿ 1935ರಲ್ಲಿ ಬಂದ ಆಲಿವರ್ 70 ಎಂಬ ಟ್ರಾಕ್ಟರಿನ ಹೆಸರಿನಲ್ಲಿದ್ದ 70 ಎಂಬುದು ಪೆಟ್ರೋಲಿನ ಆಕ್ಟೇನ್ ಸಂಖ್ಯೆ. ಅದನ್ನು ಪೆಟ್ರೋಲಿಗೆ ಹೆಚ್ಚಿನ ಸಂಪೀಡನದ ಮಾದರಿಯಾಗಿಯೂ, ಸೀಮೆಎಣ್ಣೆಯಂಥ ಅಗ್ಗದ ಇಂಧನಕ್ಕೆ ಕಡಮೆ ಸಂಪೀಡನದ ಬೇರೆ ಮಾದರಿಯಾಗಿಯೂ ಮಾರುತ್ತಿದ್ದರು. ಇಂಗ್ಲೆಂಡಿನ ಫರ್ಗ್ಯುಸನ್ ಟ್ರಾಕ್ಟರಿಗೂ 1949ರಲ್ಲಿ ಸೀಮೆಎಣ್ಣೆಯ ಜಾತಿಯ ಟ್ರಾಕ್ಟರ್ ಎಣ್ಣೆಗೆಂದು ಕಡಮೆ ಸಂಪೀಡನದ ಮಾದರಿ ಬಂದಿತು. ಇಂಧನ ಯಾವುದೋ ಅದಕ್ಕೆ ತಕ್ಕ ಪ್ರಮಾಣ ಎಂಬುದೇ ತಯಾರಕರು ಪಾಲಿಸಿಕೊಂಡು ಬಂದ ನಿಯಮ.

ಈಗ ನಮ್ಮಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿದೆ. 2020ರ ಮಾರ್ಚ್‌ನಿಂದ ಪಡಿತರ ಸೀಮೆಎಣ್ಣೆಗೆ ಕೇಂದ್ರದ ಸಹಾಯಧನ ಉಳಿದಿಲ್ಲ. ಸೀಮೆಎಣ್ಣೆ ಸಿಗುವುದೂ ಕಷ್ಟವಾಗಿ ಹಲವರು ಅದೇ ಇಂಜಿನ್ನನ್ನು ಪೆಟ್ರೋಲಿನಲ್ಲೇ ಓಡಿಸುತ್ತಿದ್ದಾರೆ. ಇನ್ನು ಮುಂದೆ ಸೀಮೆಎಣ್ಣೆ ಮುಟ್ಟುವುದೇ ಇಲ್ಲವೆಂದು ಖಚಿತವಿದ್ದರೆ ಸಂಪೀಡನ ಏರಿಸುವುದರಲ್ಲಿ ಅರ್ಥವಿದೆ. ಆಗಲೂ ಹೆಡ್ ಹೆರೆಸುವುದಕ್ಕಿಂತ, ಅದೇ ಇಂಜಿನ್ನಿನ ಪೆಟ್ರೋಲ್ ಮಾದರಿಯ ಹೆಡ್ ಇದ್ದು ಅದು ನಿಮ್ಮ ಪಿಸ್ಟನ್ನಿಗೆ ಹೊಂದುವುದಾದರೆ ಅದನ್ನು ಕೊಂಡು ಹಾಕುವುದೇ ಲೇಸು. ಹಳೆಯ ಹೆಡ್ ಇದ್ದಂತೆಯೇ ಉಳಿಯುತ್ತದೆ. ಅಡುಗೆಯ ಗ್ಯಾಸ್ ಸಿಲಿಂಡರನ್ನು ಇಂಜಿನ್ನಿಗೆ ಜೋಡಿಸುವುದು ಮಾತ್ರ ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ.

ಡೀಸೆಲ್ ಇಂಜಿನ್ನಿನ ಮಾತೇ ಬೇರೆ

ಇಂದಿನ ಬಹುಪಾಲು ಡೀಸೆಲ್ ಪಂಪ್‌ಸೆಟ್ ಇಂಜಿನ್ನುಗಳಲ್ಲಿ ಹೆಡ್ಡಿನ ಮುಖ ಚಪ್ಪಟೆಯಾಗಿರುತ್ತದೆ. ದಹನ ಕೋಣೆಯ ಗುಳಿ ಇರುವುದು ಪಿಸ್ಟನ್ನಿನ ತಲೆಯಲ್ಲಿ. ಚಪ್ಪಟೆ ಹಲಗೆಯನ್ನು ಎಷ್ಟು ಹೆರೆದರೂ ಅದು ಚಪ್ಪಟೆ ಹಲಗೆಯೇ. ಇಂಥ ಹೆಡ್ ಹೆರೆಸಿದರೆ ಸಂಪೀಡನ ಪ್ರಮಾಣ ಹೆಚ್ಚುಕಡಮೆ ಇದ್ದಲ್ಲೇ ಇರುತ್ತದೆ. ಬದಲಾಗುವುದು ಬೇರೆ ಮೂರು ಸಂಗತಿಗಳು:

1. ವಾಲ್ವುಗಳು ಹೆಡ್ಡಿನ ಮುಖದಿಂದ ಒಳಸರಿದಿರುವ ಆಳ ಕಡಮೆಯಾಗುತ್ತದೆ. ಮಿತಿ ಮೀರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ.

2. ಇಂಜೆಕ್ಟರಿನ ನಾಝಲ್ ತುದಿ ಮೊದಲಿಗಿಂತ ಹೊರಚಾಚುತ್ತದೆ. ಡೀಸೆಲ್ ತುಂತುರು ಪಿಸ್ಟನ್ನಿನ ಗುಳಿಯಲ್ಲಿ ಬೀಳಬೇಕಾದ ಕಡೆ ಬೀಳದೆ ಕಪ್ಪು ಹೊಗೆ ಏಳುತ್ತದೆ, ಪಿಸ್ಟನ್ ಸುಡುತ್ತದೆ.

3. ರಾಕರ್ ಮತ್ತು ಪುಶ್‌ರಾಡ್‌ಗಳ ನಡುವಿನ ದೂರ ಕಡಮೆಯಾಗಿ ಟ್ಯಾಪೆಟ್ ಸಂದು ಮುಚ್ಚಿಕೊಳ್ಳುತ್ತದೆ. ಸಂದು ಇಲ್ಲದ ವಾಲ್ವು ಪೂರ್ತಿ ಕೂರದೆ ಸುಟ್ಟುಹೋಗುತ್ತದೆ.

ಡೀಸೆಲ್ ಇಂಜಿನ್ನಿನಲ್ಲಿ ಸಂಪೀಡನವನ್ನು ನಿಜವಾಗಿ ಬದಲಿಸುವುದು ಹೆಡ್ ಗ್ಯಾಸ್ಕೆಟ್ಟಿನ ದಪ್ಪ, ಮತ್ತು ಕೆಲವು ಇಂಜಿನ್ನುಗಳಲ್ಲಿ ಸಿಲಿಂಡರಿನ ಬುಡದ ಪ್ಯಾಕಿಂಗ್. ಮೇಲೆ ಹೇಳಿದ 80 ಮಿ.ಮೀ. ಬೋರಿನ ಇಂಜಿನ್ನಿಗೆ 0.2 ಮಿ.ಮೀ. ತೆಳುವಾದ ಗ್ಯಾಸ್ಕೆಟ್ ಹಾಕಿದರೆ ಕೋಣೆ ಒಂದು ಘನ ಸೆಂ.ಮೀ. ಕಿರಿದಾಗಿ ಪ್ರಮಾಣ 16.5ರಿಂದ ಸುಮಾರು 16.95ಕ್ಕೆ ಏರುತ್ತದೆ. ಜೊತೆಗೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಇರುವ ಸಂದು ಅಷ್ಟೇ ಕಡಮೆಯಾಗುತ್ತದೆ. ಆ ಸಂದು ಇರುವುದೇ ಒಂದು ಮಿ.ಮೀ. ಆಸುಪಾಸು. ಲಾಭವಂತೂ ಲೆಕ್ಕಕ್ಕೆ ಸಿಗದಷ್ಟು. ಇಕ್ಕಟ್ಟಾದ ಗಾಳಿಯ ಶಾಖ ಈಗಾಗಲೇ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ಹೊತ್ತಿಕೊಳ್ಳಲು ಅಷ್ಟೂ ಬೇಕಿಲ್ಲ. ಆದುದರಿಂದ ಸುಸ್ಥಿತಿಯಲ್ಲಿರುವ ಡೀಸೆಲ್ ಇಂಜಿನ್ನಿನ ಸಂಪೀಡನ ಏರಿಸಲು ಹೋಗಲೇಕೂಡದು.

ಹಾಗಾದರೆ ಹೆಡ್ ಹೆರೆಸುವುದು ಯಾವಾಗ?

ಹೆಡ್ಡಿನ ಮುಖ ಸೊಟ್ಟಗಾದಾಗ, ಕೊರೆದುಹೋದಾಗ ಮಾತ್ರ. ತಂಪುನೀರಿನ ಹರಿವು ನಿಂತಾಗ, ಗಾಳಿಯಿಂದ ತಂಪಾಗುವ ಇಂಜಿನ್ನಿನ ರೆಕ್ಕೆಗಳಲ್ಲಿ ಹುಲ್ಲು, ದೂಳು ತುಂಬಿದಾಗ, ಕಾದ ಹೆಡ್ಡಿನ ಮೇಲೆ ತಣ್ಣೀರು ಸುರಿದಾಗ, ಬಿಸಿ ಆರುವ ಮೊದಲೇ ನಟ್ಟುಗಳನ್ನು ಬಿಚ್ಚಿದಾಗ ಹೆಡ್ ಬಾಗುತ್ತದೆ. ಆಗ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಒತ್ತಡ ಸೋರುತ್ತದೆ. ತಂಪುನೀರಿನಲ್ಲಿ ಗುಳ್ಳೆ ಏಳುವುದು, ಹೆಡ್ಡಿನ ಅಂಚಿನಲ್ಲಿ ಪುಸ್ ಪುಸ್ ಸದ್ದು, ಎಂಜಿನ್ ಆಯಿಲ್ ಹಾಲಿನಂತೆ ಬೆಳ್ಳಗಾಗುವುದು, ಹೊಸ ಗ್ಯಾಸ್ಕೆಟ್ ಪದೇ ಪದೇ ಹೋಗುವುದು ಇದರ ಲಕ್ಷಣಗಳು.

ಪರೀಕ್ಷೆ ಮಾಡುವ ಕ್ರಮ ಹೀಗೆ. ಹೆಡ್ಡಿನ ಮುಖವನ್ನು ಗೀರು ಬೀಳದಂತೆ ಶುದ್ಧಗೊಳಿಸಿ. ನೇರವಾದ ಉಕ್ಕಿನ ಅಂಚುಪಟ್ಟಿಯನ್ನು ಉದ್ದಕ್ಕೆ ಎರಡು ಕಡೆ, ಅಡ್ಡಕ್ಕೆ ಎರಡು ಕಡೆ, ಮೂಲೆಯಿಂದ ಮೂಲೆಗೆ ಎರಡು ಕಡೆ ಇಟ್ಟು ಅದರಡಿ ಫೀಲರ್ ಗೇಜಿನ ಎಲೆ ತೂರಿಸಿ ನೋಡಿ. ಸಣ್ಣ ಹೆಡ್ಡಿನಲ್ಲಿ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಒಳಗಿನ ಸಂದು ನಡೆಯುತ್ತದೆ. ನಿಮ್ಮ ಇಂಜಿನ್ನಿನ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಯೇ ಅಂತಿಮ. ಚಿಕ್ಕ ಹೆಡ್ಡಿನ ಸ್ವಲ್ಪ ಸೊಟ್ಟವನ್ನು ದಪ್ಪ ಗಾಜಿನ ಹಲಗೆಯ ಮೇಲೆ ಎಮೆರಿ ಕಾಗದ ಹಾಸಿ ಉಜ್ಜಿಯೇ ಸರಿಪಡಿಸಬಹುದು. ಯಂತ್ರವೇ ಬೇಕಾಗುವುದಿಲ್ಲ.

ವರ್ಕ್‌ಶಾಪಿಗೆ ಕೊಡುವಾಗ ಈ ಅಂಶಗಳನ್ನು ಗಮನಿಸಿ:

1. ಹೆಡ್ಡಿನ ದಪ್ಪವನ್ನು ವರ್ನಿಯರ್‌ನಿಂದ ನಾಲ್ಕು ಮೂಲೆಗಳಲ್ಲಿ ಅಳೆದು ಬರೆದಿಡಿ. ಕೈಪಿಡಿಯಲ್ಲಿ ಕನಿಷ್ಠ ದಪ್ಪ ಕೊಟ್ಟಿದ್ದರೆ ಅದರ ಕೆಳಗೆ ಇಳಿಯಕೂಡದು.

2. "ಒಂದು ಮಿಲಿಮೀಟರ್ ತೆಗೆಯಿರಿ" ಎಂದು ಹೇಳಬೇಡಿ. "ಸೊಟ್ಟ ಹೋಗುವಷ್ಟು ಮಾತ್ರ ತೆಗೆಯಿರಿ" ಎಂದು ಹೇಳಿ.

3. ಡೀಸೆಲ್ ಹೆಡ್ಡಾದರೆ ವಾಲ್ವಿನ ಆಳವನ್ನೂ ನಾಝಲ್ ತುದಿಯ ಚಾಚನ್ನೂ ಹೆರೆಸುವ ಮೊದಲು ಅಳೆಯಿರಿ. ಹೆರೆಸಿದ ಮೇಲೆ ವಾಲ್ವಿನ ಸೀಟು ಕತ್ತರಿಸಿ ಆಳವನ್ನೂ, ತಕ್ಕ ದಪ್ಪದ ತಾಮ್ರದ ವಾಷರ್ ಹಾಕಿ ನಾಝಲ್ ಚಾಚನ್ನೂ ಕೈಪಿಡಿಯ ಅಳತೆಗೆ ತರಿಸಿ.

4. ಹೆರೆದ ಹೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು ನೀರಿನ ದಾರಿಗಳಿಂದ ಲೋಹದ ಪುಡಿಯನ್ನು ಪೂರ್ತಿ ತೆಗೆಯಿರಿ.

ಜೋಡಿಸುವಾಗ ಹಳೆಯ ಗ್ಯಾಸ್ಕೆಟ್ ಬಳಸಬೇಡಿ. ದಹನ ಕೋಣೆ ಹೆಡ್ಡಿನಲ್ಲಿರುವ ಸಣ್ಣ ಇಂಜಿನ್ನಾದರೆ ವಾಲ್ವುಗಳ ತಲೆಯ ಮೇಲೆ ಚಪಾತಿ ಹಿಟ್ಟಿನ ಕಣಕದ ಸಣ್ಣ ಉಂಡೆಯಿಟ್ಟು, ಹೆಡ್ ಕೂರಿಸಿ, ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಬಿಚ್ಚಿ ನೋಡಿದಾಗ ಕಣಕ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ವಾಲ್ವಿಗೆ ಇರುವ ಜಾಗ. ಡೀಸೆಲ್ ಇಂಜಿನ್ನಾದರೆ ಪಿಸ್ಟನ್ನಿನ ಮೇಲೆ ಸೀಸದ ತಂತಿಯ ತುಂಡನ್ನಿಟ್ಟು ಇದೇ ರೀತಿ ಸಂದು ಅಳೆಯಬೇಕು. ಕಣಕವನ್ನಾಗಲಿ ತಂತಿಯನ್ನಾಗಲಿ ಒಂದು ಚೂರೂ ಬಿಡದಂತೆ ತೆಗೆಯಿರಿ. ನಟ್ಟುಗಳನ್ನು ಎದುರುಬದುರಿನ ಕ್ರಮದಲ್ಲಿ, ಮೂರು ಸಲಕ್ಕೆ, ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಕೊನೆಯಲ್ಲಿ ಟ್ಯಾಪೆಟ್ ಸಂದನ್ನು ಹೊಸದಾಗಿ ಹೊಂದಿಸಬೇಕು.

ಶಕ್ತಿ ಕುಂದಿದರೆ ಮೊದಲು ಇವನ್ನು ನೋಡಿ

ಇಂಜಿನ್ ಹೊಸದಿದ್ದಾಗ ಇದೇ ಪಂಪನ್ನು, ಇದೇ ಬಾವಿಯಿಂದ, ಇದೇ ಹೆಡ್ಡಿನೊಡನೆ ನಡೆಸುತ್ತಿತ್ತಲ್ಲವೇ? ಈಗ ನಡೆಸುತ್ತಿಲ್ಲವೆಂದರೆ ಕಾರಣ ಬೇರೆಲ್ಲೋ ಇದೆ. ಈ ಕ್ರಮದಲ್ಲಿ ಹುಡುಕಿ:

1. ಏರ್ ಫಿಲ್ಟರ್ ದೂಳಿನಿಂದ ಕಟ್ಟಿಕೊಂಡಿದೆಯೇ?
2. ಇಂಧನದ ಫಿಲ್ಟರ್ ಮತ್ತು ಟ್ಯಾಂಕಿನ ತಳದಲ್ಲಿ ಕಸ, ನೀರು ಸೇರಿದೆಯೇ?
3. ಸೈಲೆನ್ಸರಿನಲ್ಲಿ ಮಸಿ ತುಂಬಿದೆಯೇ?
4. ಟ್ಯಾಪೆಟ್ ಸಂದು ಸರಿಯಾಗಿದೆಯೇ?
5. ಡೀಸೆಲ್ ಇಂಜಿನ್ನಿನ ನಾಝಲ್ ಸಣ್ಣಗೆ ತುಂತುರು ಹೊಡೆಯುತ್ತಿದೆಯೇ, ತೊಟ್ಟಿಕ್ಕುತ್ತಿದೆಯೇ?
6. ಫುಟ್‌ವಾಲ್ವಿನ ಜಾಲರಿ ಕಟ್ಟಿಕೊಂಡಿದೆಯೇ? ಎಳೆಕೊಳವೆಯ ಜಾಯಿಂಟುಗಳಲ್ಲಿ ಗಾಳಿ ಎಳೆಯುತ್ತಿದೆಯೇ?
7. ಬಾವಿಯ ನೀರಿನ ಮಟ್ಟ ಇಳಿದು ಎತ್ತುವ ಎತ್ತರ ಹೆಚ್ಚಾಗಿದೆಯೇ?

ಇವೆಲ್ಲ ಸರಿಯಿದ್ದೂ ಇಂಜಿನ್ನಿನ ಒತ್ತಡ ಕಡಮೆ ಎನಿಸಿದರೆ, ಸಿಲಿಂಡರಿನೊಳಗೆ ಒಂದೇ ಒಂದು ಚಮಚ ಎಂಜಿನ್ ಆಯಿಲ್ ಹಾಕಿ, ಕೈಯಿಂದ ತಿರುಗಿಸಿ ನೋಡಿ. ಆಗ ಒತ್ತಡ ಏರಿದರೆ ರಿಂಗು ಇಲ್ಲವೆ ಲೈನರ್ ಸವೆದಿದೆ. ಏರದಿದ್ದರೆ ವಾಲ್ವು ಇಲ್ಲವೆ ಗ್ಯಾಸ್ಕೆಟ್ ಸೋರುತ್ತಿದೆ. ಸವೆದ ರಿಂಗಿನಿಂದ ಸೋರುವ ಒತ್ತಡವನ್ನು ಹೆಡ್ ಹೆರೆಸಿ ತಡೆಯಲಾಗದು. ತೂತು ಬಿದ್ದ ಬಿಂದಿಗೆಯ ಬಾಯಿ ಕಿರಿದು ಮಾಡಿದರೆ ನೀರು ನಿಂತೀತೇ?

ನೆನಪಿಡಿ

ಹೆಡ್ ಹೆರೆಸುವುದು ಸೊಟ್ಟ ತಿದ್ದುವುದಕ್ಕೆ, ಶಕ್ತಿ ಏರಿಸುವುದಕ್ಕಲ್ಲ. ಡೀಸೆಲ್ ಇಂಜಿನ್ನಿನ ಚಪ್ಪಟೆ ಹೆಡ್ಡಿನಿಂದ ಸಂಪೀಡನ ಏರುವುದಿಲ್ಲ. ಸೀಮೆಎಣ್ಣೆಯಲ್ಲಿ ಓಡುವ ಇಂಜಿನ್ನಿನ ಸಂಪೀಡನವನ್ನು ಏರಿಸಕೂಡದು. ಪೆಟ್ರೋಲಿಗೆ ಶಾಶ್ವತವಾಗಿ ತಿರುಗುವವರು ತಯಾರಕರ ಹೆಡ್ಡನ್ನೇ ಹಾಕಿಸಲಿ. ಏನೇ ಮಾಡಿಸಿದರೂ ಮೊದಲು ಅಳೆಯಿರಿ, ಬರೆದಿಡಿ, ಅನಂತರ ಬಿಚ್ಚಿದ ಹೆಡ್ಡನ್ನು ಕೊಡಿ. ಈ ಕೆಲಸಗಳನ್ನು ಬೆಳೆ ಹೊಲದಲ್ಲಿ ನಿಂತಿರುವಾಗ ತರಾತುರಿಯಲ್ಲಿ ಮಾಡಿಸದೆ, ಮಳೆಗಾಲದಲ್ಲಿ ಇಂಜಿನ್ನಿಗೆ ಬಿಡುವು ಇರುವಾಗಲೇ ಮಾಡಿಸಿಕೊಂಡರೆ ಬೇಸಿಗೆಯಲ್ಲಿ ನೀರಿಗಾಗಿ ಪರದಾಡುವುದು ತಪ್ಪುತ್ತದೆ. ಸಂದೇಹವಿದ್ದಲ್ಲಿ ನಿಮ್ಮ ಇಂಜಿನ್ನಿನ ಕೈಪಿಡಿಯೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ರೈತ ಸಂಪರ್ಕ ಕೇಂದ್ರವನ್ನಾಗಲಿ ಕಂಡು ವಿಚಾರಿಸಿರಿ.